'ಲೆಸ್' ಎಂದರೆ ತಪ್ಪೇ?

ಪ್ರಶ್ನೆ: ಮಗಳು ಇಂಗ್ಲಿಷ್ ಪ್ರಬಂಧದಲ್ಲಿ 'ಲೆಸ್ ಪೀಪಲ್' ಎಂದು ಬರೆದದ್ದಕ್ಕೆ ಟೀಚರು ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದಾರೆ. 'ಫ್ಯೂಅರ್ ಪೀಪಲ್' ಆಗಬೇಕಂತೆ. ಈ ನಿಯಮ ಮಾಡಿದವರು ಯಾರು?
– ಓದುಗರೊಬ್ಬರು, ಕಾಮೋಠೆ

ಉತ್ತರ: ಎಣಿಸುವಂಥದಕ್ಕೆ ಫ್ಯೂಅರ್, ಅಳೆಯುವಂಥದಕ್ಕೆ ಲೆಸ್. ಶಾಲೆಯ ಪಾಠ ಇಷ್ಟೆ. ಇದರ ಬೇರು ಹುಡುಕಿಕೊಂಡು ಹೋದರೆ ಸಿಗುವವನು ರಾಬರ್ಟ್ ಬೇಕರ್, 1770ರಲ್ಲಿ ಇಂಗ್ಲಿಷ್ ಭಾಷೆಯ ಬಗ್ಗೆ ಪುಸ್ತಕ ಬರೆದವನು. ಅವನೇನೂ ಕಟ್ಟಪ್ಪಣೆ ಮಾಡಲಿಲ್ಲ. ನೂರಕ್ಕೆ ಕಡಿಮೆಯಿಲ್ಲ ಎನ್ನುವಾಗ 'ಫ್ಯೂಅರ್' ಹೆಚ್ಚು ಸೊಗಸು, ಹೆಚ್ಚು ಸರಿ ಎಂದು ತನಗೆ ತೋರುತ್ತದೆ ಎಂದನಷ್ಟೆ. ಒಬ್ಬನ ರುಚಿಯನ್ನು ಆಮೇಲಿನವರು ಶಾಸನ ಮಾಡಿಬಿಟ್ಟರು! ಆದರೆ ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಬರಹದಲ್ಲೇ 'ಲೆಸ್' ಎಣಿಕೆಯ ಜೊತೆಗೂ ಬಂದಿದೆ. ನಿಯಮ ಹಿಡಿದು ಕೂತವರು ಕೂಡ ದೂರ, ದುಡ್ಡು, ಹೊತ್ತಿನ ಮಾತು ಬಂದಾಗ ಅಂಕಿಯ ಮುಂದೆ ಲೆಸ್ ಎಂದೇ ಹೇಳುತ್ತಾರೆ.

ನಮಗೆ ಈ ಭೇದ ತಟ್ಟನೆ ಹೊಳೆಯುವುದಿಲ್ಲ, ಅದೂ ಸಹಜವೇ. ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವಾಗ 'ಇವತ್ತು ಜನ ಕಡಿಮೆ' ಎನ್ನುತ್ತೇವೆ. ಮನೆಗೆ ಬಂದರೆ 'ನಲ್ಲಿಯಲ್ಲಿ ನೀರು ಕಡಿಮೆ'. ಪಕ್ಕದ ಮನೆಯ ಮರಾಠಿಯಲ್ಲೂ ಎರಡಕ್ಕೂ 'ಕಮೀ' ಒಂದೇ. ಕನ್ನಡ ಆಡುತ್ತ, ಮರಾಠಿ ಕೇಳುತ್ತ ಬೆಳೆದ ಹುಡುಗಿ ಇಂಗ್ಲಿಷಿಗೂ ಒಂದೇ ಪದ ಸಾಕೆಂದುಕೊಂಡರೆ ಅದು ದಡ್ಡತನವಲ್ಲ.

ಪರೀಕ್ಷೆಯಲ್ಲಿ ಮಾತ್ರ 'ಫ್ಯೂಅರ್' ಎಂದೇ ಬರೆಯಲಿ, ಅಂಕ ಟೀಚರ ಕೈಯಲ್ಲಿದೆ. ಮನೆಯಲ್ಲಿ 'ಲೆಸ್' ಅಂದರೆ ಗದರಬೇಡಿ.