ಶನಿವಾರದ ಬಟವಾಡೆ ತಪ್ಪಿದಾಗ

ಕೋವಿಡ್ ಹೊಡೆತದ ನಂತರ ದಾವಣಗೆರೆ, ಹರಿಹರದ ಸಣ್ಣ ಉದ್ಯಮಗಳಿಗೆ ಸರ್ಕಾರದ ನೆರವು ಬಂತು. ಅದು ಯಾವ ಬಾಗಿಲಿಂದ ಬಂತು, ಯಾರ ಅಂಗಳಕ್ಕೆ ಇಳಿಯಲೇ ಇಲ್ಲ ಎಂಬ ಲೆಕ್ಕ ಇಲ್ಲಿದೆ.

2020ರ ಏಪ್ರಿಲ್ ಕೊನೆಗೆ ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ದಾವಣಗೆರೆ ಹಸಿರು ವಲಯದಲ್ಲಿತ್ತು. ಅಂಗಡಿ ಗುಡಿಸಿ, ದೇವರ ಪಟಕ್ಕೆ ಹೂ ಏರಿಸಿ ಕಾಯುತ್ತಿದ್ದ ಪೇಟೆಗೆ ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಬಾಷಾನಗರ, ಜಾಲಿನಗರಗಳಲ್ಲಿ ಸೋಂಕು ಕಾಣಿಸಿಕೊಂಡು ಊರು ಮತ್ತೆ ಬಾಗಿಲು ಹಾಕಿತು. ಮರುವರ್ಷ ಏಪ್ರಿಲ್ 27ರಿಂದ ರಾಜ್ಯವೆಲ್ಲ ಬಂದ್. ಜೂನ್ 14ರಂದು ಬಹುತೇಕ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗಲೂ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು.

ಎರಡೂ ಸಲ ಕೈತಪ್ಪಿದ್ದು ಬೇಸಿಗೆ. ಮದುವೆ, ಜಾತ್ರೆ, ರಜೆ ಎಲ್ಲ ಕೂಡಿ ಬರುವ, ವರ್ಷದ ದುಡಿಮೆಯ ದೊಡ್ಡ ಪಾಲು ಗಲ್ಲಾಪೆಟ್ಟಿಗೆಗೆ ಬೀಳುವ ಕಾಲ. ಇಲ್ಲಿ ಸಂಬಳ ಕೊಡುವವರಲ್ಲಿ ಹೆಚ್ಚಿನವರು ತಾವೂ ಕೈಕೆಸರು ಮಾಡಿಕೊಂಡೇ ದುಡಿಯುವವರು. ಹಂಚಿನ ಮುಂದೆ ತಾನೇ ನಿಂತು ಬೆಣ್ಣೆದೋಸೆ ಹುಯ್ಯುವ ಹೋಟೆಲಿನವನು, ಮಗ್ಗುಲಲ್ಲಿ ಇಬ್ಬರು ಟರ್ನರ್‌ಗಳನ್ನು ಇಟ್ಟುಕೊಂಡ ಲೇತ್ ಮಾಲೀಕ, ಆರೇಳು ಹೆಣ್ಣಾಳಿಗೆ ಕೆಲಸ ಕೊಟ್ಟ ಮಂಡಕ್ಕಿ ಭಟ್ಟಿಯವನು. ಶನಿವಾರ ಸಂಜೆ ಬಟವಾಡೆ ಮಾಡಲಾಗದೆ ಹೋದರೆ ಆಳು ಸೋಮವಾರ ಬರುತ್ತಾನೆಂಬ ಖಾತ್ರಿ ಇಲ್ಲ. ಇಂಥವರಿಗೆ ಆ ಎರಡು ವರ್ಷ ದಕ್ಕಿದ್ದೇನು?

ಕೋಳಿಯಿಂದ ಜೋಳ, ಜೋಳದಿಂದ ಜವಳಿ

ದಾವಣಗೆರೆ ಪೇಟೆಯ ನಾಡಿ ಹಿಡಿಯಬೇಕಾದರೆ ಎಪಿಎಂಸಿ ಪ್ರಾಂಗಣಕ್ಕೆ ಹೋಗಬೇಕು. ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ, ಭದ್ರಾ ನಾಲೆಯ ಕೆಳಗೆ ಭತ್ತ, ಚನ್ನಗಿರಿ ಕಡೆ ಅಡಿಕೆ. ರೈತನ ಕೈಗೆ ರೊಕ್ಕ ಬಂದ ವಾರವೇ ಅದು ಮಂಡಿಪೇಟೆ, ಚೌಕಿಪೇಟೆಗಳ ಕಡೆ ಹರಿಯುತ್ತದೆ: ಮಗಳ ಮದುವೆಯ ಸೀರೆ, ಮನೆ ಕಟ್ಟಲು ಕಬ್ಬಿಣ, ಪಂಪ್‌ಸೆಟ್ ರಿಪೇರಿ.

2020ರ ಫೆಬ್ರುವರಿ, ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಸುದ್ದಿ ಹಬ್ಬಿತು. ಕೋಳಿ ಕೇಳುವವರಿಲ್ಲದೆ ಫಾರಂಗಳು ಖಾಲಿಯಾದವು, ಕೋಳಿ ಆಹಾರಕ್ಕೆ ಹೋಗುತ್ತಿದ್ದ ಮೆಕ್ಕೆಜೋಳವನ್ನೂ ಕೇಳುವವರಿಲ್ಲವಾದರು. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 1,760 ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಎಷ್ಟೋ ಕೆಳಗಿಳಿಯಿತು. ಲಾಕ್‌ಡೌನ್ ಸೇರಿಕೊಂಡು ಲಾರಿಯೂ ನಿಂತಿತು. ಹಮಾಲರಿಗೆ ಚೀಲ ಇಲ್ಲ, ದಲಾಲಿ ಅಂಗಡಿಗೆ ಕಮಿಷನ್ ಇಲ್ಲ, ರೈತನ ಜೇಬಿನಲ್ಲಿ ಮದುವೆ ಖರ್ಚಿಲ್ಲ.

ಜವಳಿ ಅಂಗಡಿಯವರ ಪಾಡು ಇನ್ನೊಂದು ಬಗೆ. ಮದುವೆ ಕಾಲಕ್ಕೆಂದು ಜನವರಿಯಲ್ಲೇ ಮಾಲು ತರಿಸಿ ತುಂಬಿಟ್ಟಿದ್ದರು. 2020ರಲ್ಲಿ ಮದುವೆಗೆ 50 ಜನರ ಮಿತಿ ಬಂತು, 2021ರಲ್ಲಿ ಅದು 40ಕ್ಕೆ ಇಳಿಯಿತು. ಬೀಗರಿಗೆಲ್ಲ ಸೀರೆ, ಶರ್ಟ್ ಪೀಸ್ ಉಡುಗೊರೆ ಮಾಡುವ ಮದುವೆಗೂ ಮನೆಮಂದಿಯಷ್ಟೇ ಸೇರುವ ಮದುವೆಗೂ ಅಂಗಡಿಯ ಬಿಲ್ಲಿನಲ್ಲಿ ಅಜಗಜಾಂತರ. ಮಾಲು ಕಪಾಟಿನಲ್ಲೇ ಕೂತಿತು, ಸಗಟು ವ್ಯಾಪಾರಿಯ ಬಾಕಿ ಮಾತ್ರ ಕೂರಲಿಲ್ಲ.

ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಘೋಷಿಸಿತು. ಬೆಳೆ ಸಮೀಕ್ಷೆಯಲ್ಲಿ ಹೆಸರಿದ್ದವರ ಖಾತೆಗೆ ಅದು ನೇರ ಬಂತು. ಮೊತ್ತ ಚಿಕ್ಕದಾದರೂ ಇದು ಪರೋಕ್ಷವಾಗಿ ಪೇಟೆಗೂ ಕೊಟ್ಟ ನೆರವು. ದಾವಣಗೆರೆಯ ವ್ಯಾಪಾರಿಯನ್ನು ಎತ್ತಬೇಕಾದರೆ ಮೊದಲು ಅವನ ಗಿರಾಕಿಯ ಕೈಯಲ್ಲಿ ನಾಲ್ಕು ಕಾಸು ಇರಬೇಕು.

ಹರಿಹರದ ಲೇತ್‌ಗಳು

ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದ ಕಥೆ ಕಬ್ಬಿಣದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿಗೆ ಲೇತ್ ಕಲಿಸಿತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿದಾಗ ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಕಲಿತ ವಿದ್ಯೆಯನ್ನೇ ನಂಬಿ ಒಂದೆರಡು ಯಂತ್ರ ಹಾಕಿ ಜಾಬ್ ವರ್ಕ್‌ಗೆ ಇಳಿದರು. ದಾವಣಗೆರೆಗೂ ಇಂಥ ಗಾಯ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತು, ಈಗ ಡಿಸಿಎಂ ಟೌನ್‌ಶಿಪ್, ಆಂಜನೇಯ ಮಿಲ್ ಬಡಾವಣೆ ಎಂಬ ವಿಳಾಸಗಳಾಗಿ ಉಳಿದಿವೆ.

ಲಾಕ್‌ಡೌನ್ ಸಡಿಲವಾದರೂ ಹರಿಹರದ ವರ್ಕ್‌ಶಾಪ್‌ಗಳಿಗೆ ಮೂರು ಕಡೆಯಿಂದ ಪೆಟ್ಟು ಬಿತ್ತು. ಮೊದಲನೆಯದು ಗಡಿ. ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಆಚೆ ದಡದಲ್ಲಿ. ದಿನಾ ದಾಟುವ ಸೇತುವೆ ದಾಟಲು ಅಂತರಜಿಲ್ಲಾ ಪಾಸ್ ತೋರಿಸುವ ಕಾಲ ಬಂತು.

ಎರಡನೆಯದು ಆಮ್ಲಜನಕ. 2021ರ ಏಪ್ರಿಲ್ 22ರಿಂದ ಕೆಲವೇ ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಆಕ್ಸಿಜನ್ ಪೂರೈಕೆ ನಿಲ್ಲಿಸಿ ಆಸ್ಪತ್ರೆಗಳಿಗೆ ತಿರುಗಿಸಲಾಯಿತು. ಆ ದಿನಗಳಲ್ಲಿ ಅದನ್ನು ತಪ್ಪೆನ್ನುವವರು ಯಾರೂ ಇರಲಿಲ್ಲ. ಆದರೆ ಗ್ಯಾಸ್ ಕಟಿಂಗ್ ಇಲ್ಲದೆ ಫ್ಯಾಬ್ರಿಕೇಶನ್ ಅಂಗಡಿ ದಪ್ಪ ಪ್ಲೇಟನ್ನು ಕತ್ತರಿಸುವುದು ಹೇಗೆ? ಆರ್ಡರ್ ಇದ್ದರೂ ಕೆಲಸ ನಿಂತಿತು.

ಮೂರನೆಯದು ಉಕ್ಕಿನ ಬೆಲೆ. 2020ರ ಮಧ್ಯದಿಂದ 2021ರ ಮಧ್ಯದ ಹೊತ್ತಿಗೆ ಅದು ಹೆಚ್ಚೂಕಡಿಮೆ ದುಪ್ಪಟ್ಟಾಯಿತು. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಹಳೆಯದೇ, ಅದರಲ್ಲಿ ಬರುವ ಕಬ್ಬಿಣ ಮಾತ್ರ ಅರ್ಧ. ದರ ಒಪ್ಪಿಕೊಂಡು ಹಿಡಿದ ಆರ್ಡರನ್ನು ಮುಗಿಸಿದಷ್ಟೂ ಲುಕ್ಸಾನು.

ಸಾಲ ಇದ್ದವರಿಗೆ ಸಾಲ

ಹೀಗೆ ಬಿದ್ದವರನ್ನು ಎತ್ತಲು ಕೇಂದ್ರ ಸರ್ಕಾರ 2020ರ ಮೇ 13ರಂದು ಘೋಷಿಸಿದ್ದು 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ. ಬ್ಯಾಂಕ್ ಕೌಂಟರುಗಳಲ್ಲಿ ಅದಕ್ಕೆ ‘ಕೋವಿಡ್ ಲೋನ್’ ಎಂದೇ ಹೆಸರು. 2020ರ ಫೆಬ್ರುವರಿ 29ಕ್ಕೆ ಇದ್ದ ಸಾಲದ ಬಾಕಿಯ ಶೇ 20ರಷ್ಟನ್ನು ಹೊಸ ಅಡಮಾನ ಕೇಳದೆ ಕೊಡಬೇಕು, ಮುಳುಗಿದರೆ ಪೂರ್ತಿ ಖಾತರಿ ಸರ್ಕಾರದ್ದು. ಬ್ಯಾಂಕ್ ಬಡ್ಡಿ ಶೇ 9.25 ಮೀರುವಂತಿಲ್ಲ. ಅವಧಿ ನಾಲ್ಕು ವರ್ಷ, ಮೊದಲ ವರ್ಷ ಬಡ್ಡಿ ಮಾತ್ರ.

ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷ ಬಾಕಿ ಇದ್ದ ಲೇತ್ ಮಾಲೀಕನಿಗೆ ಎರಡು ಲಕ್ಷ ಸಿಗುತ್ತದೆ. ಮೊದಲ ವರ್ಷ ತಿಂಗಳಿಗೆ ಸುಮಾರು 1,540 ರೂಪಾಯಿ ಬಡ್ಡಿ ಕಟ್ಟಿದರೆ ಸಾಕು. ಎರಡನೇ ವರ್ಷದಿಂದ ತಿಂಗಳಿಗೆ ಸುಮಾರು 6,400ರ ಕಂತು. ಎಷ್ಟೋ ಮಾಲೀಕರಿಗೆ ಇದು ಆಳುಗಳನ್ನು ಉಳಿಸಿಕೊಳ್ಳಲು ಆಸರೆಯಾಗಿದ್ದು ನಿಜ. ಆದರೆ ಕಂತು ಶುರುವಾಗುವ ಹೊತ್ತಿಗೆ ಎರಡನೇ ಅಲೆ ಬಂದಿತ್ತು, ಉಕ್ಕಿನ ಬೆಲೆ ಏರಿತ್ತು.

ಇನ್ನು ಸಾಲವೇ ಮಾಡದೆ, ಇದ್ದುದರಲ್ಲೇ ಹೊಂದಿಸಿಕೊಂಡು ಬಾಳಿದವನ ಗತಿ? ಸೊನ್ನೆಯ ಶೇ 20 ಸೊನ್ನೆಯೇ. ಕೈಸಾಲ, ಚೀಟಿ ದುಡ್ಡು, ಹೆಂಡತಿಯ ಒಡವೆ ಇಟ್ಟು ಹೋಟೆಲು ನಡೆಸಿದವನ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಇರಲಿಲ್ಲ. 2021ರಲ್ಲಿ ಹೋಟೆಲು, ಪ್ರವಾಸೋದ್ಯಮಗಳಿಗೆ ಈ ಮಿತಿಯನ್ನು ಶೇ 40ಕ್ಕೆ ಏರಿಸಿದಾಗಲೂ ಅವನ ಪಾಲಿಗೆ ಏನೂ ಬದಲಾಗಲಿಲ್ಲ. ಲಾಕ್‌ಡೌನಿನ ‘ಪಾರ್ಸೆಲ್ ಮಾತ್ರ’ ಎಂಬ ನಿಯಮವೂ ಅವನಿಗೆ ದೊಡ್ಡ ಏಟು. ಬೆಣ್ಣೆದೋಸೆ ಹಂಚಿನಿಂದ ತಟ್ಟೆಗೆ ಬಿದ್ದ ಗಳಿಗೆಯಲ್ಲೇ ತಿನ್ನಬೇಕಾದ ತಿಂಡಿ. ಪೊಟ್ಟಣ ಕಟ್ಟಿ ಮನೆ ಸೇರುವಷ್ಟರಲ್ಲಿ ಗರಿಗರಿ ಹೋಗಿ ಮೆತ್ತಗಾಗಿರುತ್ತದೆ.

ಮೂವತ್ತು ಆಳಿನ ಘಟಕ, ಹನ್ನೆರಡು ಆಳಿನ ಘಟಕ

ಸಾಲವಲ್ಲದ ನೆರವೂ ಇತ್ತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನೂರು ಆಳಿನ ಒಳಗಿರುವ, ಶೇ 90 ಮಂದಿಯ ಸಂಬಳ 15,000ಕ್ಕಿಂತ ಕಡಿಮೆ ಇರುವ ಸಂಸ್ಥೆಗಳಲ್ಲಿ ಆ ಸಂಬಳದವರ ಪಿಎಫ್ ವಂತಿಗೆಯನ್ನು ಮಾಲೀಕನ ಪಾಲು, ಕಾರ್ಮಿಕನ ಪಾಲು ಎರಡೂ ಸೇರಿ ಕೇಂದ್ರವೇ ಕಟ್ಟಿತು. ತಲಾ 10,000 ಸಂಬಳದ 30 ಆಳಿರುವ ಘಟಕವಾದರೆ ಮಾಲೀಕನಿಗೆ ತಿಂಗಳಿಗೆ 36,000 ಉಳಿತಾಯ, ಕಾರ್ಮಿಕರಿಗೂ ಅಷ್ಟೇ. ಮುಂದೆ ಬಂದ ಆತ್ಮನಿರ್ಭರ ಭಾರತ್ ರೋಜ್‌ಗಾರ್ ಯೋಜನೆ, 2020ರ ಅಕ್ಟೋಬರ್ 1ರ ನಂತರ ಹೊಸದಾಗಿ ಸೇರಿಸಿಕೊಂಡವರ ಪಿಎಫ್ ಹೊರೆಯನ್ನು ಎರಡು ವರ್ಷ ಹೊತ್ತಿತು. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡವರನ್ನು ಮರಳಿ ಕರೆದುಕೊಂಡರೂ ಅದು ಅನ್ವಯಿಸುತ್ತಿತ್ತು.

ಪಿಎಫ್ ಕಡ್ಡಾಯವಾಗುವುದು 20 ಆಳಿನಿಂದ. ಹಾಗಾಗಿ 12 ಆಳಿನ ಘಟಕಕ್ಕೆ ಇದಾವುದೂ ಇಲ್ಲ. ಆಳು ಹೆಚ್ಚಿದ್ದರೂ ಪಿಎಫ್‌ನ ಗೊಡವೆ ಬೇಡವೆಂದು ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆ ತೋರಿಸಿದವರು ಕೈಹಿಸುಕಿಕೊಂಡರು. ತಪ್ಪಿಸಿದ ವಂತಿಗೆಯೇ ಕಷ್ಟಕಾಲದಲ್ಲಿ ತಪ್ಪಿಹೋದ ನೆರವಾಯಿತು.

ಕಾಗದಪತ್ರದ ಜಂಜಾಟವಿಲ್ಲದೆ ತಲುಪಿದ್ದು ಒಂದೇ: ಕರೆಂಟ್ ಬಿಲ್ಲಿನ ರಿಯಾಯಿತಿ. 2020ರಲ್ಲಿ ಎರಡು ತಿಂಗಳು, ಮರುವರ್ಷ ಮೇ ಮತ್ತು ಜೂನ್ ತಿಂಗಳು ಸಣ್ಣ ಕೈಗಾರಿಕೆಗಳ ನಿಗದಿತ ಶುಲ್ಕವನ್ನು ರಾಜ್ಯ ಸರ್ಕಾರ ಮನ್ನಾ ಮಾಡಿತು. ಮೀಟರ್ ಎಲ್ಲರ ಗೋಡೆಯ ಮೇಲೂ ಇದೆ, ಬಿಲ್ ಅದರ ಪಾಡಿಗೆ ಬರುತ್ತದೆ. ಸಣ್ಣವರಿಗೆ ನೆರವು ಮುಟ್ಟಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಭಟ್ಟಿಯವನ ಲೆಕ್ಕ

ಮಂಡಕ್ಕಿ ಭಟ್ಟಿಗೆ ಆ ರಿಯಾಯಿತಿಯೂ ಅಷ್ಟಕ್ಕಷ್ಟೇ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಕೊಟ್ಟು, ಕಾದ ಮರಳಿನಲ್ಲಿ ಹುರಿದರೆ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಇಲ್ಲಿ ಕರೆಂಟಿಗಿಂತ ಬೆಂಕಿಗೇ ಕೆಲಸ ಜಾಸ್ತಿ. ಕೂಲಿ ಚೀಲದ ಲೆಕ್ಕ. ಚೀಲ ಏಳದಿದ್ದರೆ ಕೂಲಿಯೂ ಇಲ್ಲ. ಆಹಾರ ಪದಾರ್ಥವೆಂದು ಭಟ್ಟಿ ಉರಿಸಲು ಅಡ್ಡಿ ಇರದಿದ್ದರೂ ಮಂಡಕ್ಕಿ ಕೊಳ್ಳುವ ಸಂತೆ, ಜಾತ್ರೆ, ಮಿರ್ಚಿ ಅಂಗಡಿಗಳೇ ಮುಚ್ಚಿದ್ದವು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ 2022ರ ಮಾರ್ಚ್‌ನಲ್ಲಿ ನಡೆದಾಗಲೇ ಪೇಟೆಗೆ ಮತ್ತೆ ಕಳೆ ಬಂದದ್ದು.

ಕೂಲಿಕಾರರ ಕೈಗೆ ಒಂದಿಷ್ಟು ಬಂತು. 2021ರ ಮೇ ತಿಂಗಳಲ್ಲಿ ರಾಜ್ಯ ಘೋಷಿಸಿದ 1,250 ಕೋಟಿಯ ಪ್ಯಾಕೇಜಿನಲ್ಲಿ ಹಮಾಲರು, ಟೈಲರುಗಳು, ಮೆಕ್ಯಾನಿಕ್‌ಗಳು ಮೊದಲಾದ ಅಸಂಘಟಿತರಿಗೆ 2,000, ಆಟೊ ಚಾಲಕರಿಗೆ 3,000. ತಳ್ಳುಗಾಡಿಯವರಿಗೆ 2020ರ ಜೂನ್‌ನಿಂದ ಪಿಎಂ ಸ್ವನಿಧಿಯ 10,000 ರೂಪಾಯಿ ಸಾಲ. ಆದರೆ ಕೂಲಿಕಾರನೂ ಅಲ್ಲದ, ಕಾಗದದ ಮೇಲೆ ಉದ್ಯಮಿಯೂ ಅಲ್ಲದ ಐದಾರು ಆಳಿನ ಮಾಲೀಕ ಎರಡೂ ಪಟ್ಟಿಯ ಹೊರಗೆ ಉಳಿದ.

ಅವನನ್ನು ಉಳಿಸಿದ್ದು ಉದ್ರಿ. ಮಂಡಿಯವನು ಭತ್ತದ ಬಾಕಿಗೆ ತಡೆದುಕೊಂಡ, ಕಟ್ಟಡದ ಯಜಮಾನ ಬಾಡಿಗೆಗೆ ತಾಳಿಕೊಂಡ, ಪಿಗ್ಮಿ ಖಾತೆಯ ಉಳಿತಾಯ ಕರಗಿತು. ಮುಖ ನೋಡಿ ಕೊಡುವ ಈ ಉದ್ರಿ ದಾವಣಗೆರೆ ಪೇಟೆಯ ದೊಡ್ಡ ಬಂಡವಾಳ. ಅದಕ್ಕೂ ಮಿತಿಯಿದೆ: ಕೊಟ್ಟವನೂ ಅದೇ ಬೀದಿಯಲ್ಲಿ ಅದೇ ಹೊಡೆತ ತಿಂದವನು.

ಬಾಗಿಲು ಈಗಲೂ ಅದೇ

ಸೋಂಕು ಹೋಯಿತು, ನೆರವಿನ ದಾರಿ ಬದಲಾಗಿಲ್ಲ. 2025ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಪಿಎಂ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಹೊಸಬರಿಗೆ ಕೆಲಸ ಕೊಟ್ಟ ಮಾಲೀಕನಿಗೆ ಒಬ್ಬೊಬ್ಬರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ ಸಿಗುತ್ತದೆ. 50ಕ್ಕಿಂತ ಕಡಿಮೆ ಆಳಿದ್ದರೆ ಕನಿಷ್ಠ ಇಬ್ಬರನ್ನು ಹೆಚ್ಚಾಗಿ ಸೇರಿಸಿಕೊಳ್ಳಬೇಕು; ಪಿಎಫ್ ನೋಂದಣಿ ಬೇಕೇ ಬೇಕು. ಅದೇ ವರ್ಷದ ಕೇಂದ್ರ ಬಜೆಟ್ ಪ್ರಕಟಿಸಿದ 5 ಲಕ್ಷ ಮಿತಿಯ ಕ್ರೆಡಿಟ್ ಕಾರ್ಡ್‌ಗೆ ಉದ್ಯಮ್ ನೋಂದಣಿ ಬೇಕು. ಆ ನೋಂದಣಿ ಉಚಿತ, ಆಧಾರ್, ಪಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಪಾನ್, ಜಿಎಸ್‌ಟಿ ಇಲ್ಲದ ಅತಿಸಣ್ಣವರಿಗೆಂದೇ 2023ರ ಜನವರಿಯಿಂದ ಉದ್ಯಮ್ ಅಸಿಸ್ಟ್ ವೇದಿಕೆಯಿದೆ.

ಇಷ್ಟನ್ನು ಭಟ್ಟಿಯವನಿಗೋ ದೋಸೆ ಹೋಟೆಲಿನವನಿಗೋ ಹೇಳಿಕೊಡಬೇಕಾದವರು ಯಾರು? ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಲೀಡ್ ಬ್ಯಾಂಕ್ ಇದೆ. ಆದರೆ ಕಚೇರಿಯ ಮೆಟ್ಟಿಲು ಹತ್ತಲು ಅರ್ಧ ದಿನದ ಕೆಲಸ ಬಿಡಬೇಕಾದವನು ಹತ್ತುವುದಿಲ್ಲ. ವರ್ತಕರ ಸಂಘ, ಹೋಟೆಲ್ ಮಾಲೀಕರ ಸಂಘ, ಸಣ್ಣ ಕೈಗಾರಿಕೆಗಳ ಸಂಘಗಳು ವರ್ಷಕ್ಕೊಮ್ಮೆ ಸನ್ಮಾನ ಸಮಾರಂಭ ಮಾಡುವ ಉತ್ಸಾಹದಲ್ಲಿ ನಾಲ್ಕನೇ ಒಂದು ಭಾಗವನ್ನು ಬೀದಿಬೀದಿಯ ನೋಂದಣಿ ಶಿಬಿರಕ್ಕೆ ತಿರುಗಿಸಿದರೆ ಸಾಕು. ಸಹಕಾರಿ ಬ್ಯಾಂಕುಗಳ ಬಳಿ ದಿನದಿನದ ಪಿಗ್ಮಿ ಲೆಕ್ಕ ಇದೆ. ಸಣ್ಣ ಮಾಲೀಕನ ದುಡಿಮೆಗೆ ಅದಕ್ಕಿಂತ ನಂಬುಗೆಯ ಸಾಕ್ಷಿ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ; ಸಾಲ ಕೊಡುವಾಗ ಅದನ್ನು ದಾಖಲೆಯೆಂದು ಪರಿಗಣಿಸಬಹುದು.

ಸರ್ಕಾರವೂ ಒಂದು ಮಾತು ಒಪ್ಪಬೇಕು. ಬಾಕಿ ಸಾಲದ ಮೇಲೆ ನೆರವು ಅಳೆದರೆ ಸಾಲಗಾರನಿಗೆ ಮಾತ್ರ ಮುಟ್ಟುತ್ತದೆ, ಪಿಎಫ್ ಪಟ್ಟಿಯ ಮೇಲೆ ಅಳೆದರೆ ದೊಡ್ಡ ಘಟಕಕ್ಕೆ ಮಾತ್ರ ಮುಟ್ಟುತ್ತದೆ. ಮುಂದಿನ ಸಂಕಟ ಬರವಾಗಿರಲಿ, ನೆರೆಯಾಗಿರಲಿ, ಮತ್ತೊಂದು ರೋಗವಾಗಿರಲಿ, ಐದಾಳಿನ ಮಾಲೀಕನನ್ನು ಗುರುತಿಸುವ ಪಟ್ಟಿ ಅದಕ್ಕೆ ಮೊದಲೇ ಜಿಲ್ಲೆಯಲ್ಲಿ ಸಿದ್ಧವಿರಬೇಕು. ಆ ಪಟ್ಟಿ ಮಾಡಲು ಒಳ್ಳೆಯ ಕಾಲವೆಂದರೆ ವ್ಯಾಪಾರ ನಡೆಯುತ್ತಿರುವ ಈಗಿನ ಕಾಲವೇ.