ಗುಮ್ಮೆನ್ನಬೇಕಾದ ಡಬ್ಬ ಬರ್ರೆಂದರೆ

ಕಾರಿನ ಡಿಕ್ಕಿಯಲ್ಲಿರುವ ಸಬ್‌ವೂಫರ್ ಗುಮ್ಮೆನ್ನುವ ಬದಲು ಬರ್ರೆನ್ನತೊಡಗಿದರೆ ‘ಸ್ಪೀಕರ್ ಹೋಯ್ತು’ ಎಂದು ಹೊಸದರ ಬೆಲೆ ವಿಚಾರಿಸುವವರೇ ಹೆಚ್ಚು. ಎಷ್ಟೋ ಸಲ ಸ್ಪೀಕರಿನದು ತಪ್ಪೇ ಇರುವುದಿಲ್ಲ. ತನಗೆ ಬಂದ ಕೆಟ್ಟ ಸಂಕೇತವನ್ನೇ ಅದು ಚಾಚೂ ತಪ್ಪದೆ ನುಡಿಸುತ್ತಿರುತ್ತದೆ.

ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಸ್ಪೀಕರ್ ತತ್ವವೇ ಇಂದಿಗೂ ಬಳಕೆಯಲ್ಲಿದೆ. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ಹಿಂದೆಮುಂದೆ ಆಡುತ್ತದೆ. ಅದಕ್ಕೆ ಅಂಟಿಸಿದ ಕೋನ್ ಗಾಳಿಯನ್ನು ತಳ್ಳುತ್ತದೆ. ದನಿ ತಗ್ಗಿದಷ್ಟೂ ಈ ಓಡಾಟ ಹೆಚ್ಚು. 80 ಹರ್ಟ್ಸ್‌ನಷ್ಟೇ ಜೋರಾಗಿ 40 ಹರ್ಟ್ಸ್ ಕೇಳಬೇಕೆಂದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು.

ಇಷ್ಟು ಕೆಲಸ ಮಾಡಿಸುವ ಆಂಪ್ಲಿಫೈಯರಿಗೆ ವೋಲ್ಟೇಜಿನ ಒಂದು ಮಿತಿಯಿದೆ. ಅದನ್ನು ಮೀರಿ ಕೇಳಿದರೆ ಅಲೆಯ ದುಂಡನೆಯ ನೆತ್ತಿ ಕೊಯ್ದ ಹಾಗೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ 50 ಹರ್ಟ್ಸ್ ಜೊತೆಗೆ ಹಾಡಿನಲ್ಲಿಲ್ಲದ 150, 250 ಹರ್ಟ್ಸ್‌ಗಳೂ ಹುಟ್ಟುತ್ತವೆ. ನಮಗೆ ಕೇಳುವ ಬರ್ರ್ ಅದೇ. ಸುರುಳಿಗೆ ಹರಿಯುವ ಶಕ್ತಿಯೂ ಹೆಚ್ಚಿ ಅದು ಕಾಯುತ್ತದೆ. ಹಾಗೇ ಬಿಟ್ಟರೆ ಸುಟ್ಟ ವಾಸನೆ ಬರುತ್ತದೆ.

ಮೊದಲು ನೋಡಬೇಕಾದದ್ದು ಗೇನ್. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೊದ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಪಕ್ಕದ ಬೇಸ್ ಬೂಸ್ಟ್ ಇನ್ನೂ ಅಪಾಯಕಾರಿ: 6 ಡೆಸಿಬೆಲ್ ಏರಿಸಿದರೆ ನಾಲ್ಕು ಪಟ್ಟು, 12 ಏರಿಸಿದರೆ ಹದಿನಾರು ಪಟ್ಟು ಶಕ್ತಿ ಬೇಕು. ಬೂಸ್ಟ್ ಸೊನ್ನೆಗಿಳಿಸಿ, ಗೇನ್ ಪೂರ್ತಿ ತಗ್ಗಿಸಿ, ಸಬ್‌ವೂಫರ್ ವೈರ್ ಬಿಚ್ಚಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಸ್ ಟೋನ್ ಹಾಕಿ, ಎಸಿ ವೋಲ್ಟ್‌ಗೆ ತಿರುಗಿಸಿದ ಮಲ್ಟಿಮೀಟರನ್ನು ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿಯಿರಿ. 4 ಓಮ್‌ಗೆ 500 ವಾಟ್ ಕೊಡುವ ಆಂಪ್ಲಿಫೈಯರಾದರೆ, ಗೇನ್ ನಿಧಾನವಾಗಿ ಏರಿಸುತ್ತಾ 45 ವೋಲ್ಟ್ ತಲುಪುವ ಮುನ್ನವೇ ನಿಲ್ಲಿಸಬೇಕು.

ಬೇಸ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿದ್ದರೆ ಅನುಮಾನ ವೈರಿಂಗ್ ಕಡೆಗಿರಲಿ. ಶೇ 80 ದಕ್ಷತೆಯ 1000 ವಾಟ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಆಂಪ್ಲಿಫೈಯರ್ ಬಳಿ 12ಕ್ಕಿಂತ ಕೆಳಗಿಳಿದರೆ ವೈರ್ ತೆಳುವಾಗಿರಬೇಕು, ಇಲ್ಲವೇ ಅರ್ಥ್ ಸಡಿಲವಾಗಿರಬೇಕು. ಅರ್ಥ್ ಬೋಲ್ಟನ್ನು ಬಣ್ಣದ ಮೇಲೆಯೇ ಬಿಗಿದಿರುವುದು ಸಾಮಾನ್ಯ ದೋಷ. ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿಯಬೇಕು.

ಎರಡೂ ಸರಿಯಿದ್ದರೆ ಪೆಟ್ಟಿಗೆಯ ಸ್ಕ್ರೂ, ಗಾಳಿ ಸೋರುವ ಮೂಲೆ, ಅದುರುವ ನಂಬರ್ ಪ್ಲೇಟ್ ನೋಡಿ. ಸ್ಪೀಕರಿನ ಸರದಿ ಆಮೇಲೆ. ಸಿಸ್ಟಂ ಆಫ್ ಮಾಡಿ, ಬೆರಳುಗಳನ್ನು ಕೋನ್ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಗರಗರ ಎಂದರೆ ಸುರುಳಿ ಉಜ್ಜುತ್ತಿದೆ. ವೈರ್ ಬಿಚ್ಚಿ ಅಳೆದಾಗ 4 ಓಮ್ ಸುರುಳಿ ಮೂರರಿಂದ ನಾಲ್ಕು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅದು ಕಡಿದುಹೋಗಿದೆ.

ಆಗ ಹೊಸದು ಕೊಳ್ಳಲೇಬೇಕು. ಆದರೆ ಅದನ್ನು ಜೋಡಿಸುವ ಮೊದಲು ಗೇನ್ ಸರಿಪಡಿಸಿ. ಹಳೆಯದನ್ನು ಸುಟ್ಟ ತಿರುಪು ಹೊಸದನ್ನೂ ಸುಡುತ್ತದೆ.