ಕಾಲಮಿತಿಯ ಕೂಟ, ಮನೆಯ ಕೂಟ: ನಂಬಿಕೆ ಮತ್ತು ವಾಸ್ತವ

ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿ, ಮಳೆ ಹಿಡಿದ ಮೇಲೆ ಮಂಗಳೂರಿನಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ; ಎದುರುಬದುರು ಕೂತ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ, ಕೌರವನಾಗಿ ಅಲ್ಲಿಂದಲ್ಲೇ ಮಾತು ಹೊಸೆಯುತ್ತಾರೆ. ಪುರಭವನದಲ್ಲಿ, ದೇವಸ್ಥಾನಗಳ ಸಭಾಂಗಣಗಳಲ್ಲಿ, ಸಂಘಗಳ ಸಪ್ತಾಹಗಳಲ್ಲಿ ಎರಡೂವರೆ ಮೂರು ಗಂಟೆಗೆ ಮುಗಿಯುವ ಕೂಟ ಒಂದು ಬಗೆ. ಪೂಜೆಯೋ ಮನೆ ಒಕ್ಕಲೋ ಮುಗಿದ ರಾತ್ರಿ ಚಾವಡಿಯಲ್ಲಿ ನೆಂಟರಿಷ್ಟರು ಕೂತು ಕೇಳುವ ಕೂಟ ಇನ್ನೊಂದು ಬಗೆ. ಇವೆರಡನ್ನು ಹೋಲಿಸುವಾಗೆಲ್ಲ ತಪ್ಪು ಗಡಿಯಾರದ್ದೇ ಎಂದು ಹೇಳಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆ ಆರೋಪಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ನಿಲ್ಲುವ ಒಂದು ಆರೋಪವನ್ನು ಯಾರೂ ಮಾಡುತ್ತಿಲ್ಲ.

ಮೊದಲನೆಯ ನಂಬಿಕೆ: ಕಾಲಮಿತಿ ಎಂಬುದು ಮೊನ್ನೆ ಮೊನ್ನೆ ಬಂದದ್ದು, ಹಿಂದಿನವರು ಬೆಳಗು ಹರಿಯುವ ಮುಂಚೆ ಏಳುತ್ತಲೇ ಇರಲಿಲ್ಲ.

ಇಡೀ ರಾತ್ರಿಯ ಕೂಟಗಳು ಇದ್ದವು, ನಿಜ. ಆದರೆ ಅವುಗಳ ಪಕ್ಕದಲ್ಲೇ ಗಿಡ್ಡ ಪ್ರಯೋಗಗಳೂ ಇದ್ದವು. ಉಡುಪಿ, ಕುಂದಾಪುರದ ಕಡೆ ನವರಾತ್ರಿಯಲ್ಲಿ ಹೂವಿನ ಕೋಲು ಹಿಡಿದು ಮನೆಮನೆಗೆ ಹೋಗುತ್ತಿದ್ದ ಹುಡುಗರ ತಂಡ ಒಂದೊಂದು ಮನೆಯಲ್ಲಿ ಪ್ರಸಂಗದ ಒಂದು ತುಣುಕನ್ನಷ್ಟೇ ಹೇಳಿ ಮುಂದಿನ ಮನೆಗೆ ನಡೆಯುತ್ತಿತ್ತು. ಮಳೆಗಾಲದಲ್ಲಿ ಮಂಗಳೂರಿನ ಮನೆಗಳಿಗೆ ಬರುವ ಚಿಕ್ಕಮೇಳವೂ ಹಾಗೆಯೇ: ದೀಪ ಹಚ್ಚಿಟ್ಟರೆ ಸಣ್ಣದೊಂದು ಸನ್ನಿವೇಶ ಆಡಿ ತೋರಿಸಿ, ಮನೆಯವರು ಕೊಟ್ಟದ್ದನ್ನು ಪಡೆದು ಹೊರಡುತ್ತದೆ. ಮನೆಯೆಂದರೆ ಸಮಯದ ಹಂಗಿಲ್ಲದ ಜಾಗ ಎಂದು ನಾವು ಭಾವಿಸುತ್ತೇವೆ. ನಮ್ಮ ಅತಿ ಚಿಕ್ಕ ಪ್ರಯೋಗಗಳು ಬಂದಿರುವುದೇ ಮನೆಯ ಅಂಗಳಕ್ಕೆ.

ಆಮೇಲೆ 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಬಾನುಲಿಯ ತಾಳಮದ್ದಳೆ ನಿಮಿಷ ಲೆಕ್ಕದ್ದು. ಅದರ ಬೆನ್ನಿಗೆ 60, 90 ನಿಮಿಷಗಳ ಕ್ಯಾಸೆಟ್ಟುಗಳು ಬಂದವು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ದನಿಯನ್ನು ಇಂದು ಎದೆಯಲ್ಲಿಟ್ಟುಕೊಂಡಿರುವ ಎಷ್ಟೋ ಮಂದಿ ಅವರನ್ನು ಕೇಳಿದ್ದು ಟೇಪ್‌ರೆಕಾರ್ಡರಿನ ಮುಂದೆ ಕೂತು. ಆ ಮಾತಿನಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ.

ಸಂಘಟಿತ ಕೂಟವನ್ನೂ ಈಚಿನ ಪೇಟೆಯ ಚಾಳಿ ಎನ್ನುವಂತಿಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ 1556ರ ಶಾಸನ ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಸಂಸ್ಥೆಯೊಂದು ಹೊಣೆ ಹೊತ್ತು ಕೂಟ ನಡೆಸುವುದಕ್ಕೆ ಅಷ್ಟು ವಯಸ್ಸಾಗಿದೆ.

ಎರಡನೆಯದು: ರಾತ್ರಿ ಹತ್ತರ ಕಾನೂನೇ ತಾಳಮದ್ದಳೆಯನ್ನು ಕುಗ್ಗಿಸಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿರುವುದು ಹೌದು, ಬಯಲಾಟಕ್ಕೆ ಅದರಿಂದ ಪೆಟ್ಟು ಬಿದ್ದದ್ದೂ ಹೌದು. ಆದರೆ ಸಭಾಂಗಣದಂಥ ಮುಚ್ಚಿದ ಕಟ್ಟಡದೊಳಗೆ, ಅಲ್ಲಿರುವವರಿಗಷ್ಟೇ ಕೇಳುವ ಬಳಕೆಗೆ ಅದೇ ನಿಯಮದಲ್ಲಿ ವಿನಾಯಿತಿ ಇದೆ. ಪೇಟೆಯ ಕೂಟ ಬೇಗ ಮುಗಿಯುವುದಕ್ಕೆ ಬೇರೆ ಕಾರಣಗಳಿವೆ: ಕೊನೆಯ ಬಸ್ಸು, ಸಭಾಂಗಣದ ಬಾಡಿಗೆಯ ಅವಧಿ, ಮರುದಿನ ಶಾಲೆಗೋ ಬ್ಯಾಂಕಿಗೋ ಕೋರ್ಟಿಗೋ ಹೋಗಬೇಕಾದ ಅರ್ಥಧಾರಿ.

ಮೂರನೆಯದನ್ನು ಹೆಚ್ಚು ಪ್ರೀತಿಯಿಂದ ಹೇಳುತ್ತಾರೆ: ಮನೆಯ ಕೂಟದಲ್ಲಿ ಅರ್ಥಧಾರಿ ಸ್ವತಂತ್ರ, ವೇದಿಕೆಯಲ್ಲಿ ಅವನ ಕೈ ಕಟ್ಟಿರುತ್ತದೆ.

ಎಲ್ಲಿ ಕೂತರೂ ಅರ್ಥಧಾರಿಗೆ ಕಟ್ಟುಗಳಿವೆ. ಪ್ರಸಂಗದ ಪದ್ಯ ಮೊದಲ ಕಟ್ಟು. ‘ಕೃಷ್ಣ ಸಂಧಾನ’ದಲ್ಲಿ ಕೃಷ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಸಂಧಾನ ಮುರಿಯಲೇಬೇಕು. ಕೌರವ ವಾದದಲ್ಲಿ ಮೇಲುಗೈ ಪಡೆದರೂ ಯುದ್ಧ ತಪ್ಪಿಸುವ ಅಧಿಕಾರ ಅವನಿಗಿಲ್ಲ. ಎರಡನೆಯ ಕಟ್ಟು ಭಾಗವತರು. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ಕೈಯಲ್ಲಿ. ಮಾತು ಬೆಳೆದು ಪ್ರಸಂಗ ನಿಂತಲ್ಲೇ ನಿಂತರೆ ಮುಂದಿನ ಪದ್ಯ ಶುರುಮಾಡಿ ಕಥೆಯನ್ನು ಮುಂದಕ್ಕೆ ಒಯ್ಯುವವರು ಅವರು. ಮೂರನೆಯ ಕಟ್ಟು ಎದುರು ಕೂತವನು: ಅವನು ಎಸೆದ ಪ್ರಶ್ನೆಗೆ ಪಾತ್ರದ ಒಳಗಿದ್ದೇ ಉತ್ತರ ಕೊಡಬೇಕು. ಮುಟ್ಟುವ ಊರು ಮೊದಲೇ ಗೊತ್ತಿದೆ, ದಾರಿ ಮಾತ್ರ ತೆರೆದಿದೆ. ಈ ಬಿಗಿಯೊಳಗೆ ಹುಟ್ಟುವ ಮಾತಿಗಾಗಿಯೇ ನಾವು ಕೇಳಿದ ಪ್ರಸಂಗವನ್ನೇ ಮತ್ತೆ ಕೇಳಲು ಹೋಗುತ್ತೇವೆ. ಸಮಯ ಇವುಗಳ ಜೊತೆಗೆ ಸೇರಿದ ನಾಲ್ಕನೆಯ ಕಟ್ಟು, ಅಷ್ಟೇ.

ಹೊತ್ತು ಹೆಚ್ಚಿದ್ದರೆ ವಾದ ಆಳಕ್ಕಿಳಿಯುತ್ತದೆ ಎಂಬುದೂ ಇದರ ಜೊತೆಗಿನ ನಂಬಿಕೆ. ‘ವಾಲಿವಧೆ’ಯ ಹೃದಯವೆಲ್ಲ ಒಂದೇ ಪ್ರಶ್ನೆಯಲ್ಲಿದೆ: ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ? ಇಬ್ಬರು ಸಮರ್ಥರಿದ್ದರೆ ಅದನ್ನು ನಲವತ್ತು ನಿಮಿಷದಲ್ಲಿ ಬುಡದವರೆಗೆ ಅಗೆಯಬಲ್ಲರು. ಸಾಮರ್ಥ್ಯವಿಲ್ಲದಿದ್ದರೆ ಎರಡು ಗಂಟೆಯ ಪೀಠಿಕೆಯಲ್ಲಿ ವಾಲಿಯ ಪರಾಕ್ರಮದ ಪಟ್ಟಿ ಉದ್ದವಾಗುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಗಡುವಿನಿಂದ ಪೀಠಿಕೆ ಚಿಕ್ಕದಾದದ್ದು ಲಾಭವೇ.

ಹಾಗಾದರೆ ಕಾಲಮಿತಿಯಿಂದ ನಷ್ಟವೇ ಇಲ್ಲವೇ? ಇದೆ, ಮತ್ತು ಅದು ನಾಲ್ಕನೆಯ ನಂಬಿಕೆಯ ಹಿಂದೆ ಅಡಗಿದೆ: ಅಚ್ಚುಕಟ್ಟಾದ, ಸಮಯಕ್ಕೆ ಮುಗಿಯುವ ಕೂಟ ಹೊಸಬರಿಗೆ ಅನುಕೂಲ ಎನ್ನುತ್ತಾರೆ. ಕೇಳುವ ಹೊಸಬರಿಗೆ ಹೌದು. ಅರ್ಥ ಹೇಳಲು ಬರುವ ಹೊಸಬರಿಗೆ ಇದು ಪೂರ್ತಿ ಸುಳ್ಳು.

ಮೂರು ಗಂಟೆಯೊಳಗೆ ಪ್ರಸಂಗವನ್ನು ಕೂರಿಸುವಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ? ‘ವಾಲಿವಧೆ’ಯಲ್ಲಿ ಗಂಡನನ್ನು ತಡೆಯುವ ತಾರೆ ಹೋಗುತ್ತಾಳೆ, ಕೊನೆಗೆ ಬರುವ ಅಂಗದ ಹೋಗುತ್ತಾನೆ. ‘ಕೃಷ್ಣ ಸಂಧಾನ’ದಲ್ಲಿ ವಿದುರನ ಮನೆಯ ಭಾಗ ಸೊರಗಿ ನೇರ ಕೌರವನ ಸಭೆಗೆ ಬರುತ್ತೇವೆ. ಉಳಿಯುವುದು ಹೆಸರಾಂತ ಇಬ್ಬರ ಜಿದ್ದು. ಆಹ್ವಾನ ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವುದೂ ಅವರ ಹೆಸರೇ. ಆದರೆ ಯಾವ ಅರ್ಥಧಾರಿಯೂ ಮೊದಲ ದಿನವೇ ವಾಲಿಯಾಗಲಿಲ್ಲ. ದೂತನಾಗಿ ನಾಲ್ಕು ಮಾತು, ವಿದುರನಾಗಿ ಎರಡು ಪದ್ಯ, ಪದ್ಯಕ್ಕೆ ಎತ್ತುಗಡೆ ಕೊಡುವಾಗ ತಡವರಿಸಿ ಭಾಗವತರ ಕಣ್ಸನ್ನೆಯಿಂದ ತಿದ್ದಿಕೊಂಡ ಗಳಿಗೆ — ಕಲಿಕೆ ನಡೆದದ್ದು ಅಲ್ಲಿ. ಮನೆಯ ಕೂಟ ಮತ್ತು ಸಂಘಗಳ ವಾರದ ಕೂಟ ಆ ಸಣ್ಣ ಪಾತ್ರಗಳನ್ನು ಉಳಿಸಿಕೊಂಡಿವೆ. ತಪ್ಪಿದರೆ ನಗುವವರು ನೆಂಟರು. ಮರುವಾರ ಮತ್ತೆ ಕರೆಯುವವರೂ ಅವರೇ.

ಈ ವಿಷಯದಲ್ಲಿ ದೂರದ ಇನ್ನೊಂದು ಆಟ ನಮಗೆ ಉಲ್ಟಾ ಚಿತ್ರ ತೋರಿಸುತ್ತದೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಕೂಡ ಕೂತು ಆಡುವ, ಪಾತ್ರ ವಹಿಸಿ ಮಾತಾಡುವ ಆಟ. ಭಾಗವತರ ಜಾಗದಲ್ಲಿ ಕಥೆ ನಡೆಸುವವನೊಬ್ಬನಿರುತ್ತಾನೆ. ಪ್ರಸಂಗದ ಜಾಗದಲ್ಲಿ ಮೊದಲೇ ಬರೆದ ಸಾಹಸವಿರುತ್ತದೆ. ಮುಗಿತಾಯವನ್ನು ಮಾತ್ರ ದಾಳಕ್ಕೂ ಆಟಗಾರರಿಗೂ ಬಿಟ್ಟಿರುತ್ತಾರೆ. ಅಲ್ಲಿಯೂ ಗಡುವಿನ ಆಟ ತಡವಾಗಿ ಬಂದದ್ದೇನಲ್ಲ: ಮರುವರ್ಷ, 1975ರ ಒರಿಜಿನ್ಸ್ ಎಂಬ ಆಟಗಳ ಸಮ್ಮೇಳನದಲ್ಲೇ ಗೈಗ್ಯಾಕ್ಸ್ ಬರೆದ ‘ಟೂಮ್ ಆಫ್ ಹಾರರ್ಸ್’ ಸಾಹಸ ಸ್ಪರ್ಧೆಯಾಗಿ ನಡೆಯಿತು. ಮನೆಯಲ್ಲಿ ವರ್ಷಗಟ್ಟಲೆ ನಡೆಯುವ ಆಟ ಗೆಳೆಯರ ಗುಂಪಿನದು, ಹೊರಗಿನವನಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಸಮ್ಮೇಳನಗಳ ನಾಲ್ಕು ಗಂಟೆಯ ಮೇಜಿಗೆ ಮಾತ್ರ ಗುರುತಿಲ್ಲದವನೂ ಬಂದು ಕೂರಬಹುದು. ಅಲ್ಲಿ ಹೊಸಬರಿಗೆ ಬಾಗಿಲು ಸಂಘಟಿತ ಆಟ, ಇಲ್ಲಿ ಮನೆಯ ಕೂಟ. ಹಾಗಾಗಿ ಬಾಗಿಲು ಮುಚ್ಚುವುದು ಗಡಿಯಾರವಲ್ಲ, ಜಾಗಗಳನ್ನು ಯಾರಿಗೆ ಹಂಚುತ್ತೇವೆ ಎಂಬ ತೀರ್ಮಾನ.

ಆ ತೀರ್ಮಾನ ಸಂಘಟಕರ ಮತ್ತು ಭಾಗವತರ ಕೈಯಲ್ಲಿದೆ. ಪದ್ಯಗಳನ್ನು ಆರಿಸುವಾಗಲೇ ತಾರೆಯ ಎರಡು ಪದ್ಯ ಉಳಿಸಿಕೊಂಡು, ಆ ಪಾತ್ರವನ್ನು ಊರಿನ ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟರೆ ತಗಲುವುದು ಹತ್ತು ಹನ್ನೆರಡು ನಿಮಿಷ. ವಾಲಿಯ ಪೀಠಿಕೆಯಿಂದ ಅಷ್ಟನ್ನು ತೆಗೆಯಬಹುದು.